ಕಣ್ತಪ್ಪಿದ ವಿಧವೆಯರು: ಯೆರೂಸಲೇಮಿನ ಮೊದಲ ಸಭೆಯಲ್ಲಿ ಆರಾಧನೆ ಮತ್ತು ಸೇವೆ, ಒಂದು ಪ್ರಕರಣ ಅಧ್ಯಯನ

ಆರಾಧನೆಗೆ ಎಷ್ಟು, ಪರಸೇವೆಗೆ ಎಷ್ಟು ಎಂಬ ಚರ್ಚೆ ಕ್ರೈಸ್ತ ಸಭೆಗಳಲ್ಲಿ ಎದ್ದಾಗಲೆಲ್ಲ ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ ಆರನೆಯ ಅಧ್ಯಾಯದ ಒಂದು ಮಾತು ಹೊರಗೆ ಬರುತ್ತದೆ. ದೇವರ ವಾಕ್ಯವನ್ನು ಬಿಟ್ಟು ಉಣಬಡಿಸುವ ಕೆಲಸಕ್ಕೆ ನಿಲ್ಲುವುದು ನಮಗೆ ತಕ್ಕದ್ದಲ್ಲವೆಂದು ಯೇಸುವಿನ ಪ್ರಮುಖ ಶಿಷ್ಯರಾದ ಹನ್ನೆರಡು ಮಂದಿ ಅಪೊಸ್ತಲರು ಅಲ್ಲಿ ಹೇಳುತ್ತಾರೆ. ಪ್ರಾರ್ಥನೆಯೇ ಮೊದಲೆನ್ನುವವರಿಗೆ ಇದು ಆಧಾರವಾಕ್ಯವಾಗಿದೆ. ಹಸಿದವರ ನಡುವೆ ದುಡಿಯುವವರಿಗೆ ಇದನ್ನು ಕೇಳಿದಾಗ ಒಳಗೊಳಗೇ ಇರುಸುಮುರುಸಾಗುತ್ತದೆ. ಆದರೆ ಆ ಮಾತು ಯಾವುದೋ ಉಪದೇಶದ ನಡುವೆ ಬಂದದ್ದಲ್ಲ, ಒಂದು ತಕರಾರಿನ ನಡುವೆ ಬಂದದ್ದು. ಏಳೇ ವಚನಗಳಲ್ಲಿ ಮುಗಿಯುವ ಆ ವರದಿಯನ್ನು ಒಂದು ಪ್ರಕರಣದ ಕಡತದಂತೆ ಬಿಚ್ಚಿಟ್ಟು, ದೂರು ಏನಿತ್ತು, ದೂರು ಕೊಟ್ಟವರು ಯಾರು, ತೀರ್ಮಾನಿಸಿದವರು ಯಾರು, ಆಮೇಲೆ ಏನಾಯಿತು ಎಂದು ಓದುತ್ತ ಹೋದರೆ, ಎರಡೂ ಪಕ್ಷದವರು ಅದಕ್ಕೆ ಹೊರಿಸಿರುವ ಅರ್ಥ ಅಲ್ಲಿ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆ

ಘಟನೆ ನಡೆದದ್ದು ಯೆರೂಸಲೇಮಿನಲ್ಲಿ, ಕ್ರಿ.ಶ. 30ರ ದಶಕದಲ್ಲಿ. ಅದಕ್ಕೆ ಇರುವ ಒಂದೇ ಮೂಲ ಆ ಪುಸ್ತಕದ ಕರ್ತೃವೆನ್ನಲಾದ ಲೂಕನ ಬರವಣಿಗೆ, ಮತ್ತು ಅವನು ಬರೆದದ್ದು ಕೆಲವು ದಶಕಗಳು ಕಳೆದ ಮೇಲೆ. ಆಗಿನ್ನೂ ಯೇಸುವಿನ ಶಿಷ್ಯರ ಗುಂಪು ಯೆಹೂದ್ಯ ಸಮಾಜದ ಒಳಗೇ ಇತ್ತು. ಅವರು ದೇವಾಲಯಕ್ಕೆ ಹೋಗುತ್ತಿದ್ದರು. ಪೇತ್ರ ಯೋಹಾನರು ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನೆಯ ವೇಳೆಗೆ ಅಲ್ಲಿಗೆ ಹೊರಟಾಗಲೇ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಕುಂಟನನ್ನು ಎದುರುಗೊಂಡದ್ದು. ಪ್ರಾರ್ಥನೆಗೆಂದು ಹೊರಟವರ ದಾರಿಯಲ್ಲೇ ಕಷ್ಟದಲ್ಲಿರುವವನೊಬ್ಬ ಕುಳಿತಿರುವ ಆ ಚಿತ್ರವನ್ನು ಲೂಕನು ಮೂರನೆಯ ಅಧ್ಯಾಯದಲ್ಲೇ ಇಟ್ಟಿದ್ದಾನೆ.

ಸಭೆಯ ದಿನಚರಿಯನ್ನು ಎರಡನೆಯ ಅಧ್ಯಾಯ ನಾಲ್ಕು ಮಾತುಗಳಲ್ಲಿ ಹೇಳುತ್ತದೆ: ಅಪೊಸ್ತಲರ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಇವುಗಳಲ್ಲಿ ಆರಾಧನೆ ಎಲ್ಲಿ ಮುಗಿದು ಸೇವೆ ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯುವುದು ಕಷ್ಟ, ಏಕೆಂದರೆ ಮನೆಮನೆಯಲ್ಲಿ ರೊಟ್ಟಿ ಮುರಿದು ಕರ್ತನನ್ನು ಸ್ಮರಿಸಿದ ಊಟವೇ ಬಡವನ ಹೊಟ್ಟೆ ತುಂಬಿಸಿದ ಊಟವೂ ಆಗಿತ್ತು. ಆಸ್ತಿಯಿದ್ದವರು ಅದನ್ನು ಮಾರಿ ಬಂದ ಹಣವನ್ನು ಅಪೊಸ್ತಲರ ಪಾದಗಳ ಬಳಿ ಇಡುತ್ತಿದ್ದರು, ಅಲ್ಲಿಂದ ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿಕೆಯಾಗುತ್ತಿತ್ತು. ಲೇವಿಯನಾದ ಬಾರ್ನಬನು ಹೊಲ ಮಾರಿ ಹಣ ತಂದಿಟ್ಟದ್ದನ್ನೂ, ಅನನೀಯ ಸಫೈರ ದಂಪತಿಗಳು ಹಣದಲ್ಲಿ ಪಾಲು ಬಚ್ಚಿಟ್ಟು ಎಲ್ಲವನ್ನೂ ತಂದೆವೆಂದು ಸುಳ್ಳು ಹೇಳಿದ್ದನ್ನೂ ಲೂಕನು ಒಂದರ ಪಕ್ಕ ಒಂದು ಬರೆದಿದ್ದಾನೆ.

ಈ ಏರ್ಪಾಡಿನ ಬಲವೂ ದೌರ್ಬಲ್ಯವೂ ‘ಅಪೊಸ್ತಲರ ಪಾದಗಳ ಬಳಿ’ ಎಂಬ ಒಂದೇ ಮಾತಿನಲ್ಲಿದೆ. ಬೋಧಿಸುವವರು ಅವರೇ, ಪ್ರಾರ್ಥನೆಗೆ ಮುಂದಾಳುಗಳು ಅವರೇ, ಹಣ ಬಂದು ಸೇರುವುದು ಅವರಲ್ಲೇ, ಹಂಚಿಕೆ ಹೊರಡುವುದೂ ಅಲ್ಲಿಂದಲೇ. ಸಾಲದ್ದಕ್ಕೆ ಸೆರೆಮನೆ, ವಿಚಾರಣೆ, ಚಾಟಿಯೇಟು ಬೇರೆ. ನೂರಿಪ್ಪತ್ತು ಜನರ ಗುಂಪಿಗೆ ಈ ವ್ಯವಸ್ಥೆ ಸಾಕಾಗುತ್ತಿತ್ತೇನೋ. ಆದರೆ ಪಸ್ಕ ಹಬ್ಬದ ನಂತರದ ಐವತ್ತನೆಯ ದಿನದ ಹಬ್ಬವಾದ ಪಂಚಾಶತ್ತಮದಂದು ಸುಮಾರು 3,000 ಜನ ಸೇರಿದರೆಂದೂ, ಮುಂದೆ ಗಂಡಸರ ಸಂಖ್ಯೆಯೇ ಸುಮಾರು 5,000 ಆಯಿತೆಂದೂ ಲೂಕನು ಹೇಳುತ್ತಾನೆ. ಆರನೆಯ ಅಧ್ಯಾಯದ ಮೊದಲ ಮಾತೇ ಶಿಷ್ಯರ ಸಂಖ್ಯೆ ಹೆಚ್ಚುತ್ತಿತ್ತು ಎಂಬುದು. ಸಂಕಟ ಬಂದದ್ದು ಸಭೆ ಸೊರಗಿದ್ದರಿಂದಲ್ಲ, ಬೆಳೆದದ್ದರಿಂದ.

ದೂರು ಮತ್ತು ದೂರುದಾರರು

ಗ್ರೀಕ್ ಮಾತನಾಡುವ ಯೆಹೂದ್ಯ ಶಿಷ್ಯರು ಇಬ್ರಿಯ ಮಾತನಾಡುವ ಶಿಷ್ಯರ ಮೇಲೆ ಗುಣುಗುಟ್ಟಿದರು, ಪ್ರತಿದಿನದ ಹಂಚಿಕೆಯಲ್ಲಿ ತಮ್ಮ ಕಡೆಯ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು. ದೂರಿನ ಸಾರ ಇಷ್ಟೇ.

ಇಲ್ಲಿ ಎರಡು ಪದಗಳ ಮೇಲೆ ಸ್ವಲ್ಪ ನಿಲ್ಲಬೇಕು. ಗುಣುಗುಟ್ಟುವಿಕೆಗೆ ಲೂಕನು ಬಳಸಿದ ‘ಗೊಂಗುಸ್ಮೊಸ್’ ಎಂಬ ಗ್ರೀಕ್ ಪದವೇ, ಮರುಭೂಮಿಯಲ್ಲಿ ಊಟಕ್ಕಾಗಿ ಇಸ್ರಾಯೇಲ್ಯರು ಮೋಶೆಯ ಮೇಲೆ ಗುಣುಗುಟ್ಟಿದ ಪ್ರಸಂಗಕ್ಕೆ ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಬರುತ್ತದೆ. ಅಲ್ಲಿ ಅದು ಅಪನಂಬಿಕೆಯ ಗುರುತಾಗಿತ್ತು. ಇಲ್ಲಿ ಮಾತ್ರ ಗುಣುಗುಟ್ಟಿದವರನ್ನು ಯಾರೂ ಗದರಿಸುವುದಿಲ್ಲ. ಲೂಕನ ವರದಿಯಲ್ಲಿ ಅವರ ನಂಬಿಕೆ ಕಡಿಮೆಯಾಯಿತೆಂಬ ಸೂಚನೆಯೂ ಇಲ್ಲ. ಎರಡನೆಯದು ಕಡೆಗಣಿಸುವುದಕ್ಕೆ ಬಂದಿರುವ ಕ್ರಿಯಾಪದ. ಅದರ ಮೂಲ ಅರ್ಥ ಪಕ್ಕದಿಂದ ನೋಟ ಹಾಯಿಸಿ ಮುಂದೆ ಹೋಗುವುದು, ಅಂದರೆ ಎದುರಿಗಿದ್ದರೂ ಕಣ್ತಪ್ಪುವುದು. ಕ್ರಿಯಾಪದದ ರೂಪವೂ ಒಂದು ದಿನದ ತಪ್ಪನ್ನಲ್ಲ, ನಡೆಯುತ್ತ ಬಂದದ್ದನ್ನು ಹೇಳುತ್ತದೆ. ಬೇಕೆಂದೇ ಯಾರೋ ಮಾಡಿದ ಅನ್ಯಾಯವೆಂದು ಲೂಕನು ಹೇಳುವುದಿಲ್ಲ, ಆದರೆ ನಡೆದೇ ಇಲ್ಲವೆಂದೂ ಹೇಳುವುದಿಲ್ಲ. ನಮ್ಮ ಮಾತಿನ ಪಂಕ್ತಿಭೇದವನ್ನು ಹೆಚ್ಚಾಗಿ ಮಾಡುವುದು ಹೀಗೆಯೇ: ಬಡಿಸುವವನಿಗೆ ಅದು ಗೊತ್ತೇ ಆಗುವುದಿಲ್ಲ, ಎಲೆಯ ಮುಂದೆ ಕುಳಿತವಳಿಗೆ ಗೊತ್ತಾಗುತ್ತದೆ.

ಈ ವಿಧವೆಯರು ಯಾರು? ಹೊರನಾಡುಗಳಲ್ಲಿ ನೆಲೆಸಿದ್ದ ಯೆಹೂದ್ಯರಲ್ಲಿ ಹಲವರು ಕೊನೆಗಾಲವನ್ನು ಪವಿತ್ರ ನಗರದಲ್ಲಿ ಕಳೆಯಲು ಬರುತ್ತಿದ್ದರು, ಗಂಡ ತೀರಿಕೊಂಡ ಮೇಲೆ ಹೆಂಡತಿ ನೆಂಟರಿಷ್ಟರಿಲ್ಲದೆ ಅಲ್ಲೇ ಉಳಿಯುತ್ತಿದ್ದಳು ಎಂದು ವಿದ್ವಾಂಸರು ಊಹಿಸುತ್ತಾರೆ. ಊಹೆಗೆ ಒಂದು ಕಲ್ಲಿನ ಆಸರೆಯೂ ಇದೆ. 1913–14ರ ಉತ್ಖನನದಲ್ಲಿ ರೇಮಂಡ್ ವೇಯ್ ಅವರಿಗೆ ಯೆರೂಸಲೇಮಿನ ಹಳೆಯ ನೀರಿನ ತೊಟ್ಟಿಯೊಂದರಲ್ಲಿ ಹತ್ತು ಸಾಲಿನ ಒಂದು ಗ್ರೀಕ್ ಶಾಸನ ಸಿಕ್ಕಿತು. ವೆತ್ತೇನನ ಮಗನಾದ ಥಿಯೊಡೊಟಸ್ ಎಂಬ ಯಾಜಕ, ಯೆಹೂದ್ಯರ ಸಭಾಮಂದಿರದ ಅಧ್ಯಕ್ಷ, ತಾನು ಆ ಸಭಾಮಂದಿರವನ್ನು ಧರ್ಮಶಾಸ್ತ್ರದ ಓದಿಗೂ ಆಜ್ಞೆಗಳ ಬೋಧನೆಗೂ ಕಟ್ಟಿಸಿದ್ದಾಗಿ, ಅದರ ಜೊತೆಗೆ ಪರಸ್ಥಳದಿಂದ ಬಂದು ಅಗತ್ಯದಲ್ಲಿರುವವರಿಗಾಗಿ ಅತಿಥಿಗೃಹ, ಕೋಣೆಗಳು ಮತ್ತು ನೀರಿನ ಏರ್ಪಾಡನ್ನು ಮಾಡಿಸಿದ್ದಾಗಿ ಅದರಲ್ಲಿ ಕೆತ್ತಿಸಿದ್ದಾನೆ. ಕ್ರಿ.ಶ. 70ರಲ್ಲಿ ನಗರ ನಾಶವಾಗುವುದಕ್ಕೆ ಮೊದಲಿನದು ಇದು ಎಂಬುದು ಹೆಚ್ಚಿನ ವಿದ್ವಾಂಸರ ಮತ. ವಾಕ್ಯವನ್ನು ಓದುವ ಜಗುಲಿಯೂ ಪರದೇಶಿ ಕೈಕಾಲು ತೊಳೆಯುವ ನೀರೂ ಒಂದೇ ಸೂರಿನ ಕೆಳಗೆ, ಒಂದೇ ವಾಕ್ಯದಲ್ಲಿ ಬಂದಿವೆ. ಗ್ರೀಕ್ ಮಾತಾಡುತ್ತಿದ್ದ ಆ ವಿಧವೆಯರು ಇಂಥ ಏರ್ಪಾಡುಗಳನ್ನು ಕಂಡವರಾಗಿದ್ದರೆ, ಹೊಸ ಸಭೆಯಲ್ಲಿ ತಮಗಾದದ್ದು ಅವರಿಗೆ ಇನ್ನಷ್ಟು ಚುಚ್ಚಿರಬೇಕು.

ಯೆಹೂದ್ಯರ ದಾನಪದ್ಧತಿಯ ಬಗ್ಗೆ ಇನ್ನೊಂದು ಸಂಗತಿ. ಸುಮಾರು 200ರಲ್ಲಿ ಸಂಗ್ರಹವಾದ ಯೆಹೂದ್ಯ ನಿಯಮಗಳ ಗ್ರಂಥ ಮಿಷ್ನಾ, ದಿನದ ಊಟದ ತಟ್ಟೆ ಮತ್ತು ವಾರದ ಪೆಟ್ಟಿಗೆ ಎಂಬ ಎರಡು ಏರ್ಪಾಡುಗಳನ್ನು ಹೇಳುತ್ತದೆ. ಎರಡು ಊಟಕ್ಕಾಗುವಷ್ಟು ಇರುವವನು ತಟ್ಟೆಯಿಂದ ತೆಗೆದುಕೊಳ್ಳಬಾರದು, ಹದಿನಾಲ್ಕು ಊಟಕ್ಕಾಗುವಷ್ಟು ಇರುವವನು ಪೆಟ್ಟಿಗೆಯಿಂದ ತೆಗೆದುಕೊಳ್ಳಬಾರದು. ಪೆಟ್ಟಿಗೆಗೆ ಸಂಗ್ರಹಿಸಲು ಇಬ್ಬರು ಬೇಕು, ಹಂಚಲು ಮೂವರು ಬೇಕು. ಸಂಗ್ರಹಕ್ಕಿಂತ ಹಂಚಿಕೆಗೆ ಒಬ್ಬ ಹೆಚ್ಚು! ಕೊಡುವ ಕೈಗಿಂತ ಹಂಚುವ ಕೈ ತಪ್ಪುವ ಸಾಧ್ಯತೆ ಹೆಚ್ಚೆಂದು ಆ ನಿಯಮ ಮಾಡಿದವರಿಗೆ ತಿಳಿದಿತ್ತು. ಈ ಬರಹರೂಪದ ನಿಯಮ ನಮ್ಮ ಪ್ರಕರಣಕ್ಕಿಂತ ತಡವಾದದ್ದು, ಆದ್ದರಿಂದ ಯೆರೂಸಲೇಮಿನ ಸಭೆ ಇದನ್ನು ಅನುಸರಿಸಿತೆಂದು ನಾನು ಹೇಳಲಾರೆ. ಹಂಚಿಕೆ ಎನ್ನುವುದು ನ್ಯಾಯತೀರ್ಮಾನದಷ್ಟೇ ಸೂಕ್ಷ್ಮವಾದ ಕೆಲಸವೆಂಬ ತಿಳಿವಳಿಕೆ ಆ ಪರಂಪರೆಯಲ್ಲಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

ತೀರ್ಮಾನ

ಹನ್ನೆರಡು ಮಂದಿ ತಾವೇ ಒಂದು ಕೋಣೆಯಲ್ಲಿ ಕುಳಿತು ತೀರ್ಮಾನಿಸಲಿಲ್ಲ. ಶಿಷ್ಯರ ಇಡೀ ಸಮೂಹವನ್ನು ಕರೆದರು. ಅವರ ಮುಂದೆ ದಾರಿಗಳು ಹಲವಿದ್ದವು. ದೂರನ್ನು ಅಲ್ಲಗಳೆಯಬಹುದಿತ್ತು. ಇನ್ನು ಮೇಲೆ ನಾವೇ ಎದುರಿಗೆ ನಿಂತು ಬಡಿಸುತ್ತೇವೆ ಎಂದು ಪ್ರಾರ್ಥನೆಯ ಹೊತ್ತನ್ನು ಕಡಿಮೆ ಮಾಡಿಕೊಳ್ಳಬಹುದಿತ್ತು, ಅದು ಜನರಿಗೆ ಮೆಚ್ಚುಗೆಯೂ ಆಗುತ್ತಿತ್ತು. ಇದು ಲೌಕಿಕ ವಿಷಯ, ನಾವು ಆತ್ಮಿಕ ವಿಷಯಗಳನ್ನು ನೋಡಿಕೊಳ್ಳುವವರು ಎಂದು ಕೈ ತೊಳೆದುಕೊಳ್ಳಬಹುದಿತ್ತು. ಗ್ರೀಕ್ ಭಾಷೆಯವರಿಗೆ ಬೇರೆಯದೇ ಸಭೆ ಮಾಡಿಕೊಳ್ಳಿ ಎನ್ನುವ ಸುಲಭದ ದಾರಿಯೂ ಇತ್ತು, ನಂತರದ ಶತಮಾನಗಳಲ್ಲಿ ಅನೇಕ ಸಭೆಗಳು ಹಿಡಿದ ದಾರಿ ಅದೇ.

ಅವರು ಹೇಳಿದ್ದು ಇದು: ನಾವು ದೇವರ ವಾಕ್ಯವನ್ನು ಬಿಟ್ಟು ಉಣಬಡಿಸುವುದು ತಕ್ಕದ್ದಲ್ಲ, ಒಳ್ಳೆಯ ಹೆಸರಿರುವ, ಪವಿತ್ರಾತ್ಮನಿಂದಲೂ ಜ್ಞಾನದಿಂದಲೂ ತುಂಬಿದ ಏಳು ಮಂದಿಯನ್ನು ನೀವೇ ನಿಮ್ಮೊಳಗಿಂದ ನೋಡಿ ಆರಿಸಿರಿ, ಅವರನ್ನು ಈ ಕೆಲಸಕ್ಕೆ ನೇಮಿಸುತ್ತೇವೆ, ನಾವಾದರೋ ಪ್ರಾರ್ಥನೆಯಲ್ಲೂ ವಾಕ್ಯದ ಸೇವೆಯಲ್ಲೂ ನಿರತರಾಗಿರುತ್ತೇವೆ.

ಮೊದಲ ವಾಕ್ಯವನ್ನು ಮಾತ್ರ ಕತ್ತರಿಸಿ ಓದುವವರಿಗೆ ಇದು ಬಡಿಸುವ ಕೆಲಸವನ್ನು ಕೀಳಾಗಿ ಕಂಡ ಮಾತಿನಂತೆ ಕೇಳುತ್ತದೆ. ನನಗೂ ಬಹುಕಾಲ ಹಾಗೆಯೇ ಕೇಳಿತ್ತು, ಏಕೆಂದರೆ ಇದೇ ಹನ್ನೆರಡು ಮಂದಿಗೆ ಕೊನೆಯ ಊಟದ ರಾತ್ರಿ ಯೇಸು ಹೇಳಿದ್ದನ್ನು ಬರೆದವನೂ ಲೂಕನೇ: ಊಟಕ್ಕೆ ಕುಳಿತವನು ದೊಡ್ಡವನೋ ಬಡಿಸುವವನೋ? ನಾನಾದರೋ ನಿಮ್ಮ ನಡುವೆ ಬಡಿಸುವವನಂತೆ ಇದ್ದೇನೆ. ಗುರು ಬಡಿಸುವವನಂತಿದ್ದ ಮೇಲೆ ಶಿಷ್ಯರಿಗೆ ಅದು ತಕ್ಕದ್ದಲ್ಲವಾಗುವುದು ಹೇಗೆ? ಉತ್ತರ ಅಪೊಸ್ತಲರ ವಾಕ್ಯದ ಕಟ್ಟಿನಲ್ಲೇ ಇದೆ. ಅಲ್ಲಿ ತಕ್ಕದ್ದಲ್ಲವೆಂದಿರುವುದು ಬಡಿಸುವುದನ್ನಲ್ಲ, ‘ಬಿಟ್ಟು’ ಬಡಿಸುವುದನ್ನು. ತಮಗೆ ಒಪ್ಪಿಸಿದ ಕೆಲಸವೊಂದು ಇದ್ದು, ಅದನ್ನು ಕೈಬಿಟ್ಟು ಇನ್ನೊಂದಕ್ಕೆ ಕೈಹಾಕಿದರೆ ಎರಡೂ ಕೆಡುತ್ತವೆ ಎಂಬ ಒಪ್ಪಿಗೆ ಅದು. ಹೇಳಬೇಕೆಂದರೆ ಹಂಚಿಕೆ ಆಗಲೇ ಕೆಟ್ಟಿತ್ತು. ಅದು ಕೆಟ್ಟದ್ದು ಅವರ ಉಸ್ತುವಾರಿಯಲ್ಲೇ. ನಮ್ಮ ಕೈಯಲ್ಲಿ ಇದು ಸರಿಯಾಗಿ ನಡೆಯುತ್ತಿಲ್ಲ ಎಂದು ಇಡೀ ಸಭೆಯ ಮುಂದೆ ಒಪ್ಪಿಕೊಂಡು ಅಧಿಕಾರವನ್ನು ಬಿಟ್ಟುಕೊಟ್ಟ ಮುಂದಾಳುಗಳೆಂದು ಅವರನ್ನು ಓದಲು ಈ ವರದಿಯಲ್ಲಿ ಸಾಕಷ್ಟು ಎಡೆಯಿದೆ.

ಅರ್ಹತೆಯ ಪಟ್ಟಿ ಇನ್ನೊಂದು ಸಾಕ್ಷಿ. ಲೆಕ್ಕ ಬಲ್ಲವರನ್ನು, ವ್ಯವಹಾರದಲ್ಲಿ ಚುರುಕಾದವರನ್ನು ಆರಿಸಿರಿ ಎಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕೇಳಿದ್ದು ಆತ್ಮಭರಿತರಾದ, ಜ್ಞಾನವುಳ್ಳ, ಹೆಸರು ಕೆಡದ ಜನರನ್ನು. ಊಟ ಹಂಚಲು ಪವಿತ್ರಾತ್ಮ ಏಕೆ ಬೇಕು ಎಂದು ಕೇಳುವವನು, ಒಂದೇ ಒಂದು ಸಲ ಬೇಕಾದಷ್ಟಿಲ್ಲದ ದವಸವನ್ನು ಸಾಲಾಗಿ ನಿಂತ ಜನರಿಗೆ ಹಂಚಿ ನೋಡಬೇಕು. ಮೊದಲು ಬಂದವಳಿಗೋ, ಬರಲಾಗದೆ ಮನೆಯಲ್ಲೇ ಮಲಗಿದವಳಿಗೋ? ಗದ್ದಲ ಮಾಡುವವಳಿಗೋ, ಭಾಷೆ ಬಾರದೆ ಸುಮ್ಮನೆ ನಿಂತವಳಿಗೋ?

ಆರಿಸಿದ್ದು ಸಮೂಹ, ನೇಮಿಸಿದ್ದು ಅಪೊಸ್ತಲರು. ಸ್ತೆಫನ, ಫಿಲಿಪ್ಪ, ಪ್ರೊಖೊರ, ನಿಕನೋರ, ತಿಮೋನ, ಪರ್ಮೇನ, ಅಂತಿಯೋಕ್ಯದ ನಿಕೊಲಾಯ: ಏಳೂ ಗ್ರೀಕ್ ಹೆಸರುಗಳು, ಕೊನೆಯವನಂತೂ ಯೆಹೂದ್ಯ ಧರ್ಮಕ್ಕೆ ಹೊರಗಿನಿಂದ ಸೇರಿದವನು. ದೂರು ಕೊಟ್ಟ ಪಂಗಡದ ಕೈಗೇ ಇಡೀ ಸಭೆಯ ಹಂಚಿಕೆಯನ್ನು ಒಪ್ಪಿಸಲಾಯಿತು ಎಂದು ಇದರಿಂದ ಅನೇಕರು ತೀರ್ಮಾನಿಸುತ್ತಾರೆ. ಹನ್ನೆರಡು ಮಂದಿಯಲ್ಲೂ ಅಂದ್ರೆಯ, ಫಿಲಿಪ್ಪ ಎಂಬ ಗ್ರೀಕ್ ಹೆಸರಿನವರಿದ್ದರು, ಆದ್ದರಿಂದ ಹೆಸರೊಂದೇ ಪೂರ್ಣ ಸಾಕ್ಷ್ಯವಾಗಲಾರದು. ಆದರೂ ಏಳಕ್ಕೆ ಏಳೂ ಹಾಗಿರುವುದನ್ನು ಆಕಸ್ಮಿಕವೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಅನುಪಾತ ನೋಡಿ ಅರ್ಧ ಅವರು, ಅರ್ಧ ಇವರು ಎಂದು ಸಮಿತಿ ಮಾಡುವುದು ನಾವೆಲ್ಲ ಮಾಡುವ ಕೆಲಸ. ಇಲ್ಲಿ ನಡೆದದ್ದು ಅದಕ್ಕಿಂತ ಧೈರ್ಯದ್ದು.

ಕೊನೆಗೆ ಅವರನ್ನು ಅಪೊಸ್ತಲರ ಮುಂದೆ ನಿಲ್ಲಿಸಲಾಯಿತು, ಪ್ರಾರ್ಥನೆ ನಡೆಯಿತು, ತಲೆಯ ಮೇಲೆ ಕೈಗಳನ್ನಿಟ್ಟರು. ಮೋಶೆಯು ಯೆಹೋಶುವನನ್ನು ತನ್ನ ಉತ್ತರಾಧಿಕಾರಿಯಾಗಿ ನೇಮಿಸಿದಾಗ ನಡೆದ ವಿಧಿ ಇದೇ. ಉಣಬಡಿಸುವ ಕೆಲಸಕ್ಕೆ ಜನರನ್ನು ಆರಾಧನೆಯ ಮಧ್ಯೆ, ಆರಾಧನೆಯ ವಿಧಿಯಿಂದಲೇ ಕಳುಹಿಸಲಾಯಿತು.

ಒಂದೇ ಪದ, ಎರಡು ಕೆಲಸ

ಅನುವಾದಗಳಲ್ಲಿ ಮರೆಯಾಗಿಬಿಡುವ ಒಂದು ಸಂಗತಿ ಈ ಪ್ರಕರಣದ ಕೀಲಿಕೈ ಎಂದು ನಾನು ಭಾವಿಸುತ್ತೇನೆ. ವಿಧವೆಯರಿಗೆ ನಡೆಯುತ್ತಿದ್ದ ಪ್ರತಿದಿನದ ಹಂಚಿಕೆಗೆ ಮೊದಲ ವಚನದಲ್ಲಿರುವ ಗ್ರೀಕ್ ಪದ ‘ದಿಯಾಕೊನಿಯ’. ಎರಡನೆಯ ವಚನದಲ್ಲಿ ಉಣಬಡಿಸುವುದಕ್ಕೆ ಇರುವುದು ಅದರದೇ ಕ್ರಿಯಾಪದ. ನಾಲ್ಕನೆಯ ವಚನದಲ್ಲಿ ಅಪೊಸ್ತಲರು ತಮ್ಮ ಪಾಲಿಗೆ ಇಟ್ಟುಕೊಂಡ ವಾಕ್ಯದ ಕೆಲಸಕ್ಕೆ ಇರುವುದು ಮತ್ತೆ ಅದೇ ‘ದಿಯಾಕೊನಿಯ’. ರೊಟ್ಟಿಯ ಸೇವೆ, ವಾಕ್ಯದ ಸೇವೆ. ಮೇಲು ಕೀಳಿನ ಎರಡು ಪದಗಳು ಕೈಗೆಟುಕುತ್ತಿದ್ದರೂ ಬಡಿಸುವವನ ಪದವನ್ನೇ ಬೋಧಕನ ಕೆಲಸಕ್ಕೂ ಬಳಸಲಾಗಿದೆ. ಸಂಪಾದಕನ ಕೈತಪ್ಪಿನಿಂದ ಹೀಗಾಗಿದೆ ಎನ್ನಲು ಲೂಕನು ಅಷ್ಟು ಅಜಾಗರೂಕ ಬರಹಗಾರನಲ್ಲ.

ಇದೇ ಲೂಕನು ತನ್ನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಮಾರ್ಥ ಮರಿಯರ ಮನೆಯ ಪ್ರಸಂಗವನ್ನು ಬರೆದಿದ್ದಾನೆ. ಮನೆಗೆ ಬಂದ ಯೇಸುವಿನ ಪಾದಗಳ ಬಳಿ ಕುಳಿತು ಮರಿಯಳು ಅವನ ಮಾತು ಕೇಳುತ್ತಿದ್ದಳು, ಕೆಲಸವನ್ನೆಲ್ಲ ತನ್ನೊಬ್ಬಳಿಗೇ ಬಿಟ್ಟಿದ್ದಾಳೆಂದು ಅಕ್ಕ ಮಾರ್ಥಳು ಗೊಣಗಿದಳು. ಮಾರ್ಥಳಿಗೆ ‘ಬಹಳ ದಿಯಾಕೊನಿಯ’ದ ಭಾರವಾಗಿತ್ತು. ಆಕೆಯ ಸ್ಥಿತಿಗೆ ಅಲ್ಲಿರುವ ಕ್ರಿಯಾಪದದ ಅರ್ಥ ನಾನಾ ಕಡೆಗೆ ಎಳೆಯಲ್ಪಡುವುದು. ಯೇಸು ಆಕೆಗೆ ಬಡಿಸುವುದನ್ನು ನಿಲ್ಲಿಸು ಎನ್ನುವುದಿಲ್ಲ. ಚಿಂತೆಯನ್ನೂ ಗಡಿಬಿಡಿಯನ್ನೂ ಹೆಸರಿಸುತ್ತಾನೆ, ಮರಿಯಳ ಪಾಲನ್ನು ಕಸಿಯಲಾಗದು ಎನ್ನುತ್ತಾನೆ. ಯೋಹಾನನ ಸುವಾರ್ತೆಯಲ್ಲಿ ಪಸ್ಕ ಹಬ್ಬಕ್ಕೆ ಆರು ದಿನ ಮುಂಚೆ ಬೇಥಾನ್ಯದಲ್ಲಿ ಯೇಸುವಿಗೆ ಊಟ ಏರ್ಪಟ್ಟಾಗ ಬಡಿಸುತ್ತಿರುವವಳು ಮತ್ತೆ ಮಾರ್ಥಳೇ, ಈ ಸಲ ಯಾವ ಗೊಣಗಾಟವೂ ಇಲ್ಲ. ಹತ್ತನೆಯ ಅಧ್ಯಾಯದ ಮಾರ್ಥಳನ್ನು ಎಳೆದಾಡಿದಂತೆಯೇ ಅಪೊಸ್ತಲರನ್ನೂ ಕೆಲಸಗಳು ಎಳೆದಾಡುತ್ತಿದ್ದವು. ಅವರು ಕಂಡುಕೊಂಡ ಪರಿಹಾರ ಸೇವೆಯನ್ನು ಕಡಿಮೆ ಮಾಡುವುದಲ್ಲ, ಸೇವೆ ಮಾಡುವ ಕೈಗಳನ್ನು ಹೆಚ್ಚಿಸುವುದು. ಮೋಶೆಯ ಮಾವ ಇತ್ರೋನನು ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯತೀರಿಸುತ್ತ ಕುಳಿತ ಅಳಿಯನಿಗೆ, ನೀನೂ ಬಳಲುತ್ತೀಯೆ, ಈ ಜನರೂ ಬಳಲುತ್ತಾರೆ ಎಂದು ಹೇಳಿದ ಬುದ್ಧಿಮಾತೂ ಇದೇ ಜಾಡಿನದು.

ಹಾಗಾದರೆ ಪ್ರಾರ್ಥನೆ ಇನ್ನು ಅಪೊಸ್ತಲರದ್ದು, ಊಟ ಏಳು ಮಂದಿಯದ್ದು ಎಂದು ಪಾಲಾಯಿತೇ? ಅಪೊಸ್ತಲರು ‘ನಿರತರಾಗಿರುತ್ತೇವೆ’ ಎಂದಾಗ ಬಳಸಿದ ಕ್ರಿಯಾಪದವೇ ಎರಡನೆಯ ಅಧ್ಯಾಯದಲ್ಲಿ ಇಡೀ ಸಭೆ ಬೋಧನೆಯಲ್ಲೂ ಪ್ರಾರ್ಥನೆಯಲ್ಲೂ ನಿರತವಾಗಿತ್ತು ಎನ್ನುವಾಗ ಬಂದಿದೆ, ಮೊದಲನೆಯ ಅಧ್ಯಾಯದಲ್ಲಿ ಮಹಡಿಯ ಕೋಣೆಯ ಪ್ರಾರ್ಥನೆಗೂ ಬಂದಿದೆ, ಅಲ್ಲಿ ಸ್ತ್ರೀಯರೂ ಇದ್ದರು. ಎಲ್ಲರ ಕೆಲಸವಾಗಿದ್ದ ಪ್ರಾರ್ಥನೆ ಕೆಲವರ ಹುದ್ದೆಯಾಗಿ ಬದಲಾಯಿತು ಎನ್ನಲು ಆಧಾರವಿಲ್ಲ. ಕೆಲವರು ಅದನ್ನು ಯಾವ ಕಾರಣಕ್ಕೂ ಕೈಬಿಡದಂತೆ ಕಾಯಬೇಕು ಎಂಬುದಷ್ಟೇ ಇಲ್ಲಿರುವುದು.

ಊಟದ ಪಂಕ್ತಿ ಕೆಟ್ಟರೆ ಆರಾಧನೆ ಏನಾಗುತ್ತದೆ ಎಂಬುದಕ್ಕೆ ಕೊರಿಂಥದ ಸಭೆ ಎದುರು ನಿದರ್ಶನ. ಸುಮಾರು 55ರಲ್ಲಿ ಊರೂರು ಸುತ್ತಿ ಸುವಾರ್ತೆ ಸಾರುತ್ತಿದ್ದ ಪೌಲನು ಅವರಿಗೆ ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ, ಒಬ್ಬನು ಹಸಿದಿರುವಾಗ ಇನ್ನೊಬ್ಬನು ಕುಡಿದು ಅಮಲೇರಿದ್ದಾನೆ, ನೀವು ಕೂಡಿ ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಎನ್ನುತ್ತಾನೆ. ವಿಧಿ ತಪ್ಪಿತ್ತೆಂದಲ್ಲ, ಪಕ್ಕದವನ ತಟ್ಟೆ ಬರಿದಾಗಿತ್ತು. ಎರಡನೆಯ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಬಡವರಿಗಾಗಿ ಎತ್ತುತ್ತಿದ್ದ ಹಣಸಂಗ್ರಹವನ್ನು ಅವನು ‘ಲಿತುರ್ಗಿಯ’ ಎಂದು ಕರೆಯುತ್ತಾನೆ. ಮುಂದೆ ಕ್ರೈಸ್ತ ಆರಾಧನಾವಿಧಿಗೇ ಹೆಸರಾದ ಪದ ಅದು. ಪ್ರವಾದಿಗಳನ್ನು ಓದಿದವರಿಗೆ ಇದೇನೂ ಹೊಸತಲ್ಲ. ಆಮೋಸನೂ ಯೆಶಾಯನೂ ನ್ಯಾಯವಿಲ್ಲದ ಹಬ್ಬ, ಉಪವಾಸಗಳನ್ನು ದೇವರು ಮೂಸಿಯೂ ನೋಡುವುದಿಲ್ಲವೆಂದು ಎಂಟು ಶತಮಾನಗಳ ಹಿಂದಿನಿಂದ ಕೂಗುತ್ತ ಬಂದ ಪರಂಪರೆಗೆ ಸೇರಿದವರು.

ಪರಿಣಾಮ

ವಾಕ್ಯವು ಹಬ್ಬಿತು, ಶಿಷ್ಯರ ಸಂಖ್ಯೆ ಬಹಳವಾಗಿ ಹೆಚ್ಚಿತು, ಯಾಜಕರಲ್ಲಿಯೂ ಬಹುಜನ ನಂಬಿಕೆಗೆ ಒಳಗಾದರು ಎಂದು ಏಳನೆಯ ವಚನ ಪ್ರಕರಣವನ್ನು ಮುಗಿಸುತ್ತದೆ. ದೇವಾಲಯದ ಆರಾಧನೆಯೇ ಕಸುಬಾಗಿದ್ದ ಯಾಜಕರ ಹೆಸರು, ವಿಧವೆಯರ ಊಟದ ತಕರಾರು ಬಗೆಹರಿದ ಮರುಸಾಲಿನಲ್ಲೇ ಬರುವುದು ಗಮನಾರ್ಹ.

ಆದರೆ ವರದಿಯ ಕೊರತೆಯನ್ನೂ ಹೇಳಬೇಕು. ಆಮೇಲೆ ಆ ವಿಧವೆಯರಿಗೆ ಸರಿಯಾಗಿ ಊಟ ಸಿಕ್ಕಿತೇ ಎಂದು ಲೂಕನು ಎಲ್ಲಿಯೂ ಬರೆದಿಲ್ಲ. ಅವರಲ್ಲಿ ಒಬ್ಬಳ ಹೆಸರೂ ಇಲ್ಲ, ಒಬ್ಬಳ ಮಾತೂ ಇಲ್ಲ. ಅವರ ಪರವಾಗಿ ಗಂಡಸರು ಗುಣುಗುಟ್ಟಿದರು, ಗಂಡಸರು ತೀರ್ಮಾನಿಸಿದರು, ನೇಮಕವಾದ ಏಳು ಮಂದಿಯೂ ಗಂಡಸರು. ಸಭೆಯ ಬೆಳವಣಿಗೆಯ ಲೆಕ್ಕದಿಂದಲೇ ಸೇವೆಯ ಯಶಸ್ಸನ್ನು ಅಳೆಯುವ ಅಭ್ಯಾಸ ನಮ್ಮ ವಾರ್ಷಿಕ ವರದಿಗಳಲ್ಲಿ ಇಂದಿಗೂ ಇದೆ, ಅದಕ್ಕೆ ಲೂಕನನ್ನು ಹೊಣೆ ಮಾಡುವುದು ಅನ್ಯಾಯವಾದೀತು. ಆದರೂ ಒಂದು ಸಾಲು ಬರೆದಿದ್ದರೆ ಚೆನ್ನಾಗಿತ್ತು.

ಏಳು ಮಂದಿಯಾದರೂ ಬಡಿಸುವುದಕ್ಕೇ ಸೀಮಿತರಾಗಿ ಉಳಿಯಲಿಲ್ಲ. ಎಂಟನೆಯ ವಚನದಲ್ಲೇ ಸ್ತೆಫನನು ಜನರ ನಡುವೆ ಅದ್ಭುತಗಳನ್ನು ಮಾಡುತ್ತಿದ್ದಾನೆ. ಏಳನೆಯ ಅಧ್ಯಾಯದ ಬಹುಪಾಲು ಅವನ ಭಾಷಣ. ಪುಸ್ತಕದಲ್ಲಿರುವ ಭಾಷಣಗಳಲ್ಲೆಲ್ಲ ಉದ್ದವಾದದ್ದು ಅದೇ. ಪರಾತ್ಪರನು ಕೈಯಿಂದ ಕಟ್ಟಿದ ಮನೆಗಳಲ್ಲಿ ವಾಸಿಸುವುದಿಲ್ಲ ಎಂದು ಯೆಶಾಯನ ಮಾತನ್ನು ಎತ್ತಿ ಆರಾಧನೆಯ ಬಗ್ಗೆ ಅಷ್ಟು ನಿಷ್ಠುರವಾಗಿ ಮಾತಾಡಿದವನು ಊಟ ಹಂಚಲು ನೇಮಕವಾದವನು, ಅದಕ್ಕಾಗಿ ಕಲ್ಲೆಸೆತಕ್ಕೆ ಸಿಕ್ಕಿ ಸತ್ತವನೂ ಅವನೇ. ಫಿಲಿಪ್ಪನು ಸಮಾರ್ಯದಲ್ಲಿ ಸುವಾರ್ತೆ ಸಾರಿದನು, ಯೆರೂಸಲೇಮಿನಲ್ಲಿ ಆರಾಧನೆ ಮುಗಿಸಿ ರಥದಲ್ಲಿ ಹಿಂದಿರುಗುತ್ತಿದ್ದ ಐಥಿಯೋಪ್ಯದ ಅಧಿಕಾರಿಗೆ ಯೆಶಾಯನ ಗ್ರಂಥವನ್ನು ಬಿಡಿಸಿ ಹೇಳಿದನು. ಇತ್ತ ಪೇತ್ರನು ಪ್ರಾರ್ಥನೆ ಮತ್ತು ವಾಕ್ಯಕ್ಕೆಂದು ಉಳಿದವನಾದರೂ, ಒಂಬತ್ತನೆಯ ಅಧ್ಯಾಯದಲ್ಲಿ ಯೊಪ್ಪದ ಮಹಡಿಯೊಂದರಲ್ಲಿ ಅಳುತ್ತಿರುವ ವಿಧವೆಯರ ನಡುವೆ ನಿಂತಿರುವುದನ್ನು ಕಾಣುತ್ತೇವೆ. ತೀರಿಹೋದ ದೋರ್ಕಳು ತಮಗಾಗಿ ಹೊಲಿದುಕೊಟ್ಟ ಅಂಗಿಗಳನ್ನು ಅವರು ಒಂದೊಂದಾಗಿ ಅವನಿಗೆ ತೋರಿಸುತ್ತಿದ್ದಾರೆ. ಎಲ್ಲರನ್ನೂ ಹೊರಗೆ ಕಳುಹಿಸಿ ಅವನು ಮೊಣಕಾಲೂರಿ ಪ್ರಾರ್ಥಿಸಿದನು. ಆರನೆಯ ಅಧ್ಯಾಯದಲ್ಲಿ ಎಳೆದ ಗೆರೆಯನ್ನು ಎರಡೂ ಕಡೆಯವರು ಎಷ್ಟೋ ಸಲ ದಾಟಿದ್ದಾರೆ, ಲೂಕನಿಗೆ ಅದರಿಂದ ಕಸಿವಿಸಿಯಾದಂತೆ ಕಾಣುವುದಿಲ್ಲ.

ನಂತರದ ಸಭೆ ಈ ಪ್ರಕರಣವನ್ನು ಪೂರ್ವನಿದರ್ಶನವಾಗಿ ಹಿಡಿಯಿತು, ಕೆಲವೊಮ್ಮೆ ಅಕ್ಷರಕ್ಕೆ ಅಂಟಿಕೊಂಡು. ಸುಮಾರು 155ರಲ್ಲಿ ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟಿರ್ ರೋಮಿನಲ್ಲಿ ಬರೆದ ಭಾನುವಾರದ ಆರಾಧನೆಯ ವಿವರದಲ್ಲಿ ಓದು, ಉಪದೇಶ, ಪ್ರಾರ್ಥನೆ, ರೊಟ್ಟಿ ದ್ರಾಕ್ಷಾರಸಗಳ ಹಿಂದೆಯೇ ಕಾಣಿಕೆಸಂಗ್ರಹ ಬರುತ್ತದೆ. ಅದು ಸಭೆಯ ಮುಂದಾಳುವಿನ ಬಳಿ ಸೇರಿ ಅನಾಥರಿಗೂ ವಿಧವೆಯರಿಗೂ ರೋಗಿಗಳಿಗೂ ಸೆರೆಯಲ್ಲಿದ್ದವರಿಗೂ ಪರಸ್ಥಳದವರಿಗೂ ಹೋಗುತ್ತಿತ್ತು. ಬರಲಾಗದವರಿಗೆ ಅರ್ಪಿತವಾದ ರೊಟ್ಟಿಯನ್ನು ಒಯ್ಯುತ್ತಿದ್ದವರು ಸಭಾಸೇವಕರು, ಅಂದರೆ ‘ದಿಯಾಕೊನೊಸ್’ ಎಂಬ ಹುದ್ದೆಯವರು. 251ರಲ್ಲಿ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರದ ಭಾಗವೊಂದನ್ನು ಸಭೆಯ ಚರಿತ್ರೆಕಾರ ಯೂಸೇಬಿಯಸ್ ತನ್ನ ಚರಿತ್ರೆಯಲ್ಲಿ ಉಳಿಸಿದ್ದಾನೆ: ಆ ಸಭೆಯಲ್ಲಿ 46 ಮಂದಿ ಹಿರಿಯರು, 7 ಮಂದಿ ಸಭಾಸೇವಕರು, 1,500ಕ್ಕೂ ಹೆಚ್ಚು ಮಂದಿ ವಿಧವೆಯರು ಮತ್ತು ಸಂಕಟದಲ್ಲಿದ್ದವರು. ಅಷ್ಟು ಜನರಿಗೆ ಏಳೇ ಮಂದಿ ಏಕೆಂದರೆ ಪುಸ್ತಕದಲ್ಲಿ ಏಳು ಎಂದಿತ್ತು. ನಾಲ್ಕನೆಯ ಶತಮಾನದ ಆರಂಭದ ನಿಯೊಕೈಸರೈಯದ ಸಭಾಸಮ್ಮೇಳನವು ಊರು ಎಷ್ಟೇ ದೊಡ್ಡದಿರಲಿ ಸಭಾಸೇವಕರು ಏಳೇ ಇರಬೇಕು, ಅಪೊಸ್ತಲರ ಕೃತ್ಯಗಳೇ ಆಧಾರ ಎಂದು ನಿಯಮವನ್ನೇ ಮಾಡಿತು. ಸಂಖ್ಯೆ ಹೆಚ್ಚಿದಾಗ ಕೈಗಳನ್ನು ಹೆಚ್ಚಿಸಿದ ಕಥೆಯನ್ನು ಓದಿ, ಸಂಖ್ಯೆ ಎಷ್ಟೇ ಹೆಚ್ಚಿದರೂ ಕೈಗಳನ್ನು ಹೆಚ್ಚಿಸಬಾರದೆಂದು ಕಲಿತಂತಾಯಿತು. 692ರ ಕಾನ್‌ಸ್ಟಾಂಟಿನೋಪಲ್ ಸಮ್ಮೇಳನ ಈ ನಿಯಮವನ್ನು ಮತ್ತೆ ಪರಿಶೀಲಿಸಿ, ಆರನೆಯ ಅಧ್ಯಾಯದ ಏಳು ಮಂದಿ ಬಲಿಪೀಠದ ಸೇವಕರಲ್ಲ, ಉಣಬಡಿಸಲು ನೇಮಕವಾದವರು ಎಂದು ಹೇಳಿ ಅದನ್ನು ಸಡಿಲಿಸಿತು. ಆ ಏಳು ಮಂದಿಯನ್ನು ಲೂಕನು ‘ದಿಯಾಕೊನೊಸ್’ ಎಂಬ ಹುದ್ದೆಯ ಹೆಸರಿನಿಂದ ಒಮ್ಮೆಯೂ ಕರೆದಿಲ್ಲವೆಂಬುದು ನಿಜ. ಆದರೆ ಬಲಿಪೀಠ ಬೇರೆ, ಊಟದ ಪಂಕ್ತಿ ಬೇರೆ ಎಂಬ ಸ್ಪಷ್ಟ ವಿಂಗಡಣೆ ಲೂಕನದಲ್ಲ, ಏಳನೆಯ ಶತಮಾನದ್ದು.

ಇಂದಿನ ಸಭೆಯಲ್ಲಿ ಆರಾಧನೆ ಮತ್ತು ಸೇವೆಯ ನಡುವೆ ಎಳೆದಾಟವಾದಾಗ ಗಂಟೆಗಳ ಲೆಕ್ಕ ಹಾಕುವುದು ನಮ್ಮ ಮೊದಲ ಕೆಲಸ. ಯೆರೂಸಲೇಮಿನಲ್ಲಿ ಯಾರೂ ಗಂಟೆ ಎಣಿಸಲಿಲ್ಲ. ಅಲ್ಲಿ ಎದ್ದ ಪ್ರಶ್ನೆಗಳೇ ಬೇರೆ: ಯಾರು ಕಣ್ತಪ್ಪಿಹೋಗುತ್ತಿದ್ದಾರೆ, ಎಲ್ಲ ಕೆಲಸವೂ ಯಾರ ಪಾದಗಳ ಬಳಿ ಬಂದು ಬೀಳುತ್ತಿದೆ, ಕೈಬಿಡಲೇಬಾರದ ಕೆಲಸ ಯಾರದ್ದು, ಉಳಿದದ್ದಕ್ಕೆ ಯಾರ ತಲೆಯ ಮೇಲೆ ಕೈಯಿಟ್ಟು ಕಳುಹಿಸಬೇಕು. ಪ್ರತಿ ಭಾನುವಾರ ಆರಾಧನೆ ನಡೆಯುವಾಗ ಹಿಂದಿನ ಕೋಣೆಯಲ್ಲಿ ಪಾತ್ರೆ ತೊಳೆಯುತ್ತ ನಿಂತವಳು ಪ್ರತಿ ಸಲವೂ ಒಬ್ಬಳೇ ಆಗಿದ್ದರೆ, ಆಕೆಯ ಭಕ್ತಿ ಕಡಿಮೆಯಾಯಿತೆಂದು ಗದರಿಸುವುದಕ್ಕೂ, ಅದೇ ಆಕೆಯ ಆರಾಧನೆ ಎಂದು ಹೊಗಳಿ ಅಲ್ಲೇ ಬಿಡುವುದಕ್ಕೂ ಈ ಅಧ್ಯಾಯದಲ್ಲಿ ಆಧಾರ ಸಿಗುವುದಿಲ್ಲ.

ಪ್ರಕರಣದ ಕೊನೆಯ ಎಳೆಯೊಂದು ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಸಿಗುತ್ತದೆ. ಸುಮಾರು 57ರಲ್ಲಿ ಪೌಲನು ಯೆರೂಸಲೇಮಿಗೆ ಹೋಗುವ ದಾರಿಯಲ್ಲಿ ಕೈಸರೈಯದಲ್ಲಿ ಇಳಿದುಕೊಂಡನು. ಸ್ತೆಫನನನ್ನು ಕೊಂದವರ ಬಟ್ಟೆಗಳನ್ನು ಕಾದು ಆ ಕೊಲೆಗೆ ಸಮ್ಮತಿಸಿದ್ದ ಸೌಲನೇ ಈ ಪೌಲ. ಈಗ ಅವನ ಗುಂಪಿನ ಬಳಿ ಯೆರೂಸಲೇಮಿನ ಬಡವರಿಗಾಗಿ ಯೆಹೂದ್ಯರಲ್ಲದವರ ಸಭೆಗಳು ಕೂಡಿಸಿ ಕೊಟ್ಟ ಹಣವಿತ್ತು. ಅವರು ತಂಗಿದ್ದು ಫಿಲಿಪ್ಪನ ಮನೆಯಲ್ಲಿ. ಲೂಕನು ಅವನನ್ನು ಸುವಾರ್ತಿಕನೆಂದು ಕರೆದು, ‘ಏಳು ಮಂದಿಯಲ್ಲಿ ಒಬ್ಬನು’ ಎಂದೂ ಸೇರಿಸುತ್ತಾನೆ. ಪ್ರವಾದಿಸುತ್ತಿದ್ದ ನಾಲ್ಕು ಹೆಣ್ಣುಮಕ್ಕಳು ಆ ಮನೆಯಲ್ಲಿದ್ದರು. ನಾವು ಅಲ್ಲಿ ಅನೇಕ ದಿನ ಇದ್ದೆವು ಎಂದು ಲೂಕನು ಬರೆಯುತ್ತಾನೆ. ಅಷ್ಟು ದಿನವೂ ಅತಿಥಿಗಳಿಗೆ ಊಟ ಬಡಿಸಿದವರು ಯಾರು ಎಂದು ಮಾತ್ರ ಬರೆದಿಲ್ಲ.